ಅರವತ್ತರ ಮೇಲೆ ಹಾಯಿ ಹಿಡಿಯುವವರಿಗೆ

ಸರ್ಕಾರಿ ಕಚೇರಿಯಿಂದಲೋ ಶಾಲೆಯಿಂದಲೋ ನಿವೃತ್ತರಾಗಿ, ಮನೆ ಕಟ್ಟುವುದು ಮಕ್ಕಳ ಮದುವೆ ಮಾಡುವುದು ಎಂಬ ಎರಡು ಮಹಾಕಾರ್ಯಗಳನ್ನೂ ಪೂರೈಸಿ, ಬೆಳಗಿನ ಪತ್ರಿಕೆಗೂ ಸಂಜೆಯ ವಾಯುವಿಹಾರಕ್ಕೂ ನಡುವಣ ದೀರ್ಘವಾದ ಹಗಲನ್ನು ಹೇಗೆ ಕಳೆಯತಕ್ಕದ್ದೆಂದು ಆಲೋಚಿಸುತ್ತಿರುವ ನಮ್ಮ ಮಳವಳ್ಳಿ ಸೀಮೆಯ ಗೃಹಸ್ಥರೊಬ್ಬರು, ತಾವು ವಿಂಡ್‌ಸರ್ಫಿಂಗ್ ಕಲಿಯಬೇಕೆಂದಿರುವುದಾಗಿ ಮನೆಯಲ್ಲಿ ತಿಳಿಸಿದರೆ ಮೊದಲು ಕೇಳಿಬರುವುದು ಮೊಮ್ಮಕ್ಕಳ ನಗು, ಅದರ ಬೆನ್ನಿಗೇ ಅಡುಗೆಮನೆಯಿಂದ “ಈ ವಯಸ್ಸಲ್ಲಿ ನಿಮಗ್ಯಾಕ್ರೀ ಬೇಕು ಇದೆಲ್ಲ?” ಎಂಬ ಪ್ರಶ್ನೆ. ನಗುವಿಗೆ ಉತ್ತರವಿಲ್ಲ. ಪ್ರಶ್ನೆಗೆ ಉತ್ತರವುಂಟು: ಮಂದವಾದ ಗಾಳಿಯಲ್ಲಿ, ಅಗಲವಾದ ಹಲಗೆಯ ಮೇಲೆ, ಚಿಕ್ಕ ಹಾಯಿಯೊಂದನ್ನು ಹಿಡಿದು ಆಡುವಾಗ ಈ ಕ್ರೀಡೆಯು ತೋಳ್ಬಲವನ್ನು ಅಷ್ಟಾಗಿ ಬೇಡುವುದಿಲ್ಲ, ಮೈಯ ಭಾರವನ್ನು ಎಲ್ಲಿ ಇಡಬೇಕು, ಗಾಳಿಯನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ವಿವೇಕವನ್ನು ಬೇಡುತ್ತದೆ, ಅದು ಇಪ್ಪತ್ತರ ತರುಣನಿಗಿಂತ ಅರವತ್ತರ ಮನುಷ್ಯನಲ್ಲಿ ಹೆಚ್ಚಾಗಿರುವ ಸಂಭವವುಂಟು.

ಕಂಡಿರದವರಿಗಾಗಿ ಹೇಳುವುದಾದರೆ, ಇದು ತೇಲುವ ಹಲಗೆ, ಅದರ ಮೇಲೆ ನಿಲ್ಲಿಸಿದ ಹಾಯಿಕಂಬ, ಕಂಬಕ್ಕೆ ಕಟ್ಟಿದ ಹಾಯಿ, ಹಾಯಿಯನ್ನು ಹಿಡಿಯಲು ಎದೆಯ ಮಟ್ಟದಲ್ಲಿ ಅಡ್ಡಲಾಗಿ ಬರುವ ಬೂಮ್ ಎಂಬ ಹಿಡಿಗೋಲು, ಇಷ್ಟೇ. ಪೆನ್ಸಿಲ್ವೇನಿಯದ ನ್ಯೂಮನ್ ಡಾರ್ಬಿ ಎಂಬಾತ 1964ರಲ್ಲಿ ಇಂಥದೊಂದನ್ನು ಮಾಡಿ ಮರುವರ್ಷ ಅದರ ವಿವರವನ್ನು ಅಚ್ಚು ಹಾಕಿಸಿದನು. ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ ಎಂಬಿಬ್ಬರು 1967ರಲ್ಲಿ ಕಂಬದ ಬುಡಕ್ಕೆ ಎಲ್ಲ ದಿಕ್ಕಿಗೂ ವಾಲಬಲ್ಲ ಕೀಲನ್ನು ಜೋಡಿಸಿ ಅದನ್ನು ಇಂದಿನ ರೂಪಕ್ಕೆ ತಂದರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರಿಗೂ 1992ರ ಬಾರ್ಸಿಲೋನದಲ್ಲಿ ಸ್ತ್ರೀಯರಿಗೂ ಇದು ಸ್ಪರ್ಧೆಯಾಯಿತು. ಚರಿತ್ರೆ ಇಷ್ಟು ಸಾಕು. ಆದರೆ ಆ ಕೀಲನ್ನು ಮಾತ್ರ ಮರೆಯಲಾಗದು, ಏತಕ್ಕೆಂದರೆ ಈ ನೌಕೆಗೆ ಚುಕ್ಕಾಣಿಯೇ ಇಲ್ಲ: ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯತ್ತ ತಿರುಗುತ್ತದೆ, ಸಮಸ್ತ ವಿದ್ಯೆಯೂ ಈ ಒಂದು ಸಂಗತಿಯ ವಿಸ್ತರಣೆಯೇ ಆಗಿದೆ.

ಇನ್ನು ಎಲ್ಲಿ ಕಲಿಯುವುದು? ಬೆಳಕವಾಡಿಯಂಥ ಊರಿನವರಿಗೆ ಮೊದಲು ಹೊಳೆಯುವುದು ಹೊಳೆಯೇ. ಶ್ರೀನಿವಾಸಯ್ಯಂಗಾರ್ಯರ ಹೆಸರಿನ ಮೂಲಕ ಸಂಗೀತಪ್ರಿಯರಿಗೆ ಪರಿಚಿತವಾಗಿರುವ ಈ ಊರು ಕಾವೇರಿಯ ಎಡದಂಡೆಯ ಸೀಮೆಯಲ್ಲಿದೆ; ಮೇಲುಗಡೆಗೆ ಇದೇ ದಡದಲ್ಲಿ ತಲಕಾಡಿನ ಮರಳು, ಕೆಳಗಡೆ ಕೆಲವೇ ಮೈಲಿಗಳಲ್ಲಿ ಶಿವನಸಮುದ್ರ. ಬಾಲ್ಯದಿಂದ ಹೊಳೆಯನ್ನು ಕಂಡವರು, ಹರಿಗೋಲಿನಲ್ಲಿ ದಾಟಿದವರು, ತಮಗೆ ನೀರು ಹೊಸದಲ್ಲವೆಂದು ಭಾವಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಈ ಪರಿಚಯವೇ ಇಲ್ಲಿ ಅಪಾಯಕರವಾದದ್ದು. ಹರಿಗೋಲಿನವನು ಸೆಳವನ್ನು ಬಲ್ಲ, ಅದರೊಡನೆ ಓರೆಯಾಗಿ ಸಾಗುತ್ತಾನೆ, ಅವನ ಹುಟ್ಟು ಅವನ ಅಧೀನದಲ್ಲಿರುತ್ತದೆ; ಹಾಯಿಹಲಗೆಯ ಮೇಲಿನ ನವಶಿಕ್ಷಿತನಾದರೋ ಅರ್ಧ ಹೊತ್ತು ನೀರಿನಲ್ಲಿ ಬಿದ್ದಿರುತ್ತಾನೆ, ಬಿದ್ದಷ್ಟು ಹೊತ್ತೂ ಹೊಳೆ ಅವನನ್ನು ಕೆಳಕ್ಕೆ ಒಯ್ಯುತ್ತಲೇ ಇರುತ್ತದೆ. ಈ ಭಾಗದಲ್ಲಿ ಕೆಳಕ್ಕೆ ಎಂದರೆ ಬಂಡೆಗಳು, ಕವಲುಗಳು, ಅನಂತರ ಗಗನಚುಕ್ಕಿ ಭರಚುಕ್ಕಿಗಳು. ಮೇಲಿನ ಕನ್ನಂಬಾಡಿಯಿಂದಲೂ ಕಬಿನಿಯಿಂದಲೂ ನೀರು ಬಿಟ್ಟಾಗ, ಮಳೆಯೇ ಇಲ್ಲದ ದಿನದಲ್ಲಿಯೂ ಹೊಳೆಯ ಮಟ್ಟ ಏರುವುದುಂಟು. ಇನ್ನೂ ಕೆಳಗಣ ಮುತ್ತತ್ತಿಯ ಮಡುಗಳ ವಿಷಯ ನಮ್ಮ ಜಿಲ್ಲೆಯವರಿಗೆ ಹೇಳಬೇಕಾದ್ದಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ನೀರಿನ ರಭಸವು, ಹಲಗೆಯ ಮೇಲೆ ನಿಲ್ಲಲು ಕಲಿಯುತ್ತಿರುವ ಮನುಷ್ಯನೊಡನೆ ಸ್ನೇಹ ಬೆಳೆಸುವಂಥದಲ್ಲ. ವಿಶ್ವೇಶ್ವರಯ್ಯ ನಾಲೆಯೂ ಬೇಡ: ಅದರ ಜಾರುಗೋಡೆಗಳನ್ನು ಹಿಡಿದು ಮೇಲೇರುವುದು ಈಜುಬಲ್ಲವರಿಗೂ ಕಷ್ಟ.

ಕೆರೆಗಳೇನೋ ನಿಂತ ನೀರು. ಆದರೂ ಹೂಳು, ಜೊಂಡು, ನೀರಿನೊಳಗೆ ಅಡಗಿದ ಜಾಲಿಯ ಬೊಡ್ಡೆಗಳು, ಮೀನಿಗೆ ಹಾಕಿದ ಬಲೆಗಳು ಇವೆಲ್ಲದರ ನಡುವೆ, ರಕ್ಷಣೆಗೆ ದೋಣಿಯಿಲ್ಲದೆ, ಸಂಬಂಧಪಟ್ಟವರ ಅನುಮತಿಯಿಲ್ಲದೆ, ಒಬ್ಬಂಟಿಯಾಗಿ ಹಲಗೆಯನ್ನಿಳಿಸುವುದು ಸಾಹಸವಲ್ಲ, ಉದ್ಧಟತನ. ಕಲಿತ ಮೇಲೆ ಗೆಳೆಯರೊಡಗೂಡಿ ಅನುಮತಿ ಪಡೆದು ಆಡುವುದು ಬೇರೆ ಮಾತು.

ಆದುದರಿಂದ ಮೊದಲ ಪಾಠಕ್ಕೆ ಊರು ಬಿಟ್ಟು ಹೊರಡುವುದೇ ಸರಿ. ಕರ್ಣಾಟಕದಲ್ಲಿ ಈ ವಿದ್ಯೆಗೆ ತಕ್ಕ ಸ್ಥಳವೆಂದರೆ ಸಾಗರ ತಾಲ್ಲೂಕಿನ ಹೊನ್ನೇಮರಡು. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರು ಇಲ್ಲಿ ಗುಡ್ಡಗಳ ನಡುವೆ ವಿಸ್ತಾರವಾಗಿ ಹರಡಿಕೊಂಡಿದ್ದು, ಬೆಂಗಳೂರಿನ ‘ದಿ ಅಡ್ವೆಂಚರರ್ಸ್’ ಎಂಬ ಸಂಸ್ಥೆ ಬಹುಕಾಲದಿಂದ ಜಲಸಾಹಸಗಳ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ; ಹರಿಗೋಲು, ಕಯಾಕ್‌ಗಳ ಜೊತೆಗೆ ಹಾಯಿಹಲಗೆಯೂ ಅಲ್ಲಿ ಉಂಟು. ಮೈಸೂರಿನಿಂದ ಬೆಂಗಳೂರಿನ ಮೇಲೆ ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲು ಮಂಡ್ಯ ಮದ್ದೂರುಗಳನ್ನು ಹಾದೇ ಹೋಗುವುದರಿಂದ ನಮ್ಮ ಕಡೆಯವರಿಗೆ ಪ್ರಯಾಣದ ತೊಡಕಿಲ್ಲ. ತಾಳಗುಪ್ಪದಿಂದ ಹೊನ್ನೇಮರಡು ಸಮೀಪ. ಮುಂಚಿತವಾಗಿ ವಿಚಾರಿಸದೆ ಹೋಗಿ ನಿಲ್ಲುವುದು ತರವಲ್ಲ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯೂ ರಾಜ್ಯದಲ್ಲಿ ಜಲಸಾಹಸಗಳ ತರಬೇತಿಯನ್ನು ನಡೆಸುತ್ತದೆ. ಇನ್ನೂ ಕ್ರಮಬದ್ಧವಾದ ಶಿಕ್ಷಣ ಬೇಕೆಂಬವರು ಗೋವೆಯ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯನ್ನು ವಿಚಾರಿಸಬಹುದು. ಮೂಲ್ಕಿಯ ಸಮುದ್ರತೀರದಲ್ಲಿ ಕಲಿಸುವುದು ಅಲೆಯ ಮೇಲಿನ ಸರ್ಫಿಂಗ್. ಅದು ಬೇರೆಯೇ ವಿದ್ಯೆ, ಮಂಡಿಗೆ ಹೆಚ್ಚು ಕೆಲಸ ಕೊಡುವಂಥದು.

ದಿನ ಬೆಳಗಾದರೆ “ಕಟ್ಟೆಯಲ್ಲಿ ಎಷ್ಟಡಿ ನೀರಿದೆ” ಎಂದು ಕೇಳಿ, ಕನ್ನಂಬಾಡಿಯ ಪೂರ್ಣಮಟ್ಟವಾದ 124.80 ಎಂಬ ಅಂಕಿಯನ್ನು ಜಾತಕದಂತೆ ಬಾಯಿಪಾಠ ಮಾಡಿಕೊಂಡಿರುವ ಮಂಡ್ಯದವರು ಲಿಂಗನಮಕ್ಕಿಯ ಪೂರ್ಣಮಟ್ಟವಾದ 1819 ಅಡಿಯನ್ನೂ ನೆನಪಿನಲ್ಲಿಡುವುದು ಒಳ್ಳೆಯದು, ಏಕೆಂದರೆ ಅದು ಹಲಗೆಯ ಅಡಿಯ ರೆಕ್ಕೆಗೆ ಸಂಬಂಧಿಸಿದ ವಿಷಯ. ಮಳೆಗಾಲ ಕಳೆದು ಜಲಾಶಯ ತುಂಬಿರುವಾಗ ಮುಳುಗಿದ ಕಾಡು ಬಹು ಆಳದಲ್ಲಿರುತ್ತದೆ. ಬೇಸಗೆಯಲ್ಲಿ ನೀರು ಇಳಿದಂತೆ ಆ ಕಾಡಿನ ಬೊಡ್ಡೆಗಳು ಮೇಲ್ಮೈಗೆ ಹತ್ತಿರವಾಗುತ್ತವೆ. ಬಹಳ ಇಳಿದ ವರ್ಷಗಳಲ್ಲಿ, ಲಿಂಗನಮಕ್ಕಿಗೂ ಮೊದಲು ಕಟ್ಟಿ ಅನಂತರ ಅದರಲ್ಲಿಯೇ ಮುಳುಗಿಹೋದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಸಹ ತಲೆಯೆತ್ತುವುದುಂಟು. ನೋಡಲು ಅದು ಸೊಗಸು. ಕಲಿಯುವವನಿಗೆ ಮಾತ್ರ ಮಳೆ ನಿಂತು ನೀರು ತುಂಬಿರುವ ಅಕ್ಟೋಬರಿನಿಂದ ಚಳಿಗಾಲದ ಕೊನೆಯವರೆಗಿನ ಕಾಲವೇ ಹಿತ. ಆಷಾಢದ ಗಾಳಿ ಬಲವಾದದ್ದೆಂದು ಆಸೆಪಟ್ಟು ಆಗ ಹೊರಡಬಾರದು. ಆ ಗಾಳಿ ಒಂದೇ ಸಮನಾಗಿ ಬೀಸದೆ ಹೊಡೆತ ಹೊಡೆತವಾಗಿ ಬರುತ್ತದೆ, ಜೊತೆಗೆ ಮಲೆನಾಡಿನ ಮಳೆ.

ಹೊರಡುವ ಮುಂಚಿನ ಎರಡು ಮೂರು ತಿಂಗಳು ಮನೆಯಲ್ಲಿಯೇ ಮಾಡತಕ್ಕ ಕೆಲಸವಿದೆ. ಮೊದಲನೆಯದು ವೈದ್ಯರನ್ನು ಕಾಣುವುದು. “ನೀರಿನಾಟ ಆಡಬಹುದೇ” ಎಂದು ಸುಮ್ಮನೆ ಕೇಳದೆ, ಬಿಸಿಲಿನಲ್ಲಿ ಒಂದೂವರೆ ಗಂಟೆ ಮತ್ತೆ ಮತ್ತೆ ನೀರಿಗೆ ಬಿದ್ದು ಹಲಗೆಯೇರುವ, ಬಾಗಿ ಹಗ್ಗವೆಳೆಯುವ ಶ್ರಮವಿದೆಯೆಂದು ವಿವರಿಸಿ ಕೇಳಬೇಕು. ರಕ್ತದೊತ್ತಡ, ಹೃದಯ, ಹೆಪ್ಪುಗಟ್ಟಿದ ಭುಜ, ಈಚೆಗೆ ನಡೆದ ಕಣ್ಣಿನ ಶಸ್ತ್ರಕ್ರಿಯೆ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಒಂದನ್ನೂ ಮರೆಮಾಚಬಾರದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗೆ ಎರಡು ಎಚ್ಚರಗಳು: ಶ್ರಮದ ನಡುವೆ ಸಕ್ಕರೆಯ ಮಟ್ಟ ಹಠಾತ್ತನೆ ಇಳಿಯಬಹುದಾದ್ದರಿಂದ ಶಿಕ್ಷಕನಿಗೆ ವಿಷಯ ತಿಳಿಸಿ, ನೀರು ಸೇರದ ಚೀಲದಲ್ಲಿ ಒಂದು ತುಂಡು ಅಚ್ಚುಬೆಲ್ಲವನ್ನು ದಡದಲ್ಲಿಯೋ ಲೈಫ್ ಜಾಕೆಟ್ಟಿನ ಜೇಬಿನಲ್ಲಿಯೋ ಇರಿಸಿಕೊಳ್ಳತಕ್ಕದ್ದು, ಕಾಲಿನ ಗಾಯ ಬೇಗ ಮಾಯದಾದ್ದರಿಂದ ಬರಿಗಾಲಿನಲ್ಲಿ ನೀರಿಗಿಳಿಯದೆ, ತೆಳುವಾದ ರಬ್ಬರ್ ಅಟ್ಟೆಯ ಬೂಟನ್ನು ಧರಿಸತಕ್ಕದ್ದು.

ಎರಡನೆಯದು ಈಜು. ನಮ್ಮ ಸೀಮೆಯಲ್ಲಿ ಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು, ಅಣ್ಣನೋ ಮಾವನೋ ಹಗ್ಗ ಹಿಡಿದಿರಲು, ತೋಟದ ಬಾವಿಯಲ್ಲಿ ಕಲಿಯುತ್ತಿದ್ದರು. ಹಾಗೆ ಕಲಿತವರು ಎಪ್ಪತ್ತಾದರೂ ಮರೆಯುವುದಿಲ್ಲ, ಆದರೆ ಉಸಿರು ಮೊದಲಿನಷ್ಟು ಒದಗುವುದಿಲ್ಲವೆಂಬುದನ್ನು ತಿಳಿದುಕೊಳ್ಳಲು ಮಂಡ್ಯದಲ್ಲಿಯೋ ಮೈಸೂರಿನಲ್ಲಿಯೋ ಈಜುಕೊಳಕ್ಕೆ ಹೋಗಿ ಪರೀಕ್ಷಿಸಿಕೊಳ್ಳುವುದು ಲೇಸು. ಕಲಿಯದವರು, ವಿಶೇಷವಾಗಿ ಬಾವಿಗಿಳಿಯಲು ಅಂದು ಅವಕಾಶ ದೊರೆಯದ ನಮ್ಮ ಹೆಣ್ಣುಮಕ್ಕಳು, ಈಗಲೂ ಕೊಳದಲ್ಲಿ ಶಿಕ್ಷಕರ ಬಳಿ ಕಲಿಯಬಹುದು. 50 ಮೀಟರ್ ದೂರವನ್ನು ಗಾಬರಿಯಿಲ್ಲದೆ ಈಜಲು, ಬೆನ್ನ ಮೇಲೆ ತೇಲುತ್ತ ಉಸಿರನ್ನು ಸಮಸ್ಥಿತಿಗೆ ತಂದುಕೊಳ್ಳಲು, ಮುಖ ನೀರಿನಲ್ಲಿ ಮುಳುಗಿದರೂ ಕಣ್ಣು ತೆರೆದಿರಲು ಬಂದರೆ ಸಾಕು. ಈಜು ಬಂದರೂ ಲೈಫ್ ಜಾಕೆಟ್ ಬಿಡುವಂತಿಲ್ಲ.

ಮೂರನೆಯದು ಮೈಯ ಸಿದ್ಧತೆ. ಇದಕ್ಕೆ ವ್ಯಾಯಾಮಶಾಲೆ ಬೇಡ. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಯ ಪಕ್ಕದಲ್ಲಿ ಒಂಟಿಗಾಲಿನಲ್ಲಿ ನಿಲ್ಲುವುದು, ಭುಜವನ್ನು ಸುತ್ತ ತಿರುಗಿಸುವುದು ಇವೇ ಸಾಕು. ಕುಕ್ಕರಗಾಲಿನಲ್ಲಿ ಕುಳಿತೇಳುವ ಅಭ್ಯಾಸವನ್ನು ಉಳಿಸಿಕೊಂಡ ಹಳ್ಳಿಯ ಹಿರಿಯರು ಈ ವಿಷಯದಲ್ಲಿ ಪಟ್ಟಣದ ಮಕ್ಕಳನ್ನು ಮೀರಿಸುವುದನ್ನು ನಾನು ಕಂಡಿದ್ದೇನೆ.

ಗಾಳಿಯ ಜ್ಞಾನವೊಂದು ನಮ್ಮಲ್ಲಿ ಮೊದಲೇ ಇದೆ. ಕಣದಲ್ಲಿ ರಾಗಿ ತೂರಿದವರು, ಮೊರವನ್ನೆತ್ತಿ ಹಿಡಿದು, ಗಾಳಿ ಯಾವ ಮೂಲೆಯಿಂದ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಹೊಟ್ಟನ್ನು ಮಾತ್ರ ಒಯ್ಯುವಷ್ಟಿದೆಯೋ ಕಾಳನ್ನೂ ಒಯ್ಯುವಷ್ಟಿದೆಯೋ ಎಂಬುದನ್ನು ಕೆನ್ನೆಯಿಂದಲೇ ಅಳೆದವರು. ಅವರಿಗೆ ಶಿಕ್ಷಕನು ಮೊದಲ ಅರ್ಧ ಗಂಟೆಯಲ್ಲಿ ಹೇಳುವುದೆಲ್ಲ ತಿಳಿದ ಮಾತೇ. ಅಶ್ವತ್ಥದ ಎಲೆಯನ್ನು ನಂಬಬಾರದು, ಅದು ಗಾಳಿಯೇ ಇಲ್ಲದಂತಿರುವಾಗಲೂ ನಡುಗುತ್ತಿರುತ್ತದೆ. ನೀರಿನ ಮೈಯನ್ನು ನೋಡಬೇಕು. ಸಣ್ಣ ಸಣ್ಣ ಅಲೆಗಳು ಮುರಿಯದೆ ಮಡಿಕೆಯಾಗಿ ಬರುತ್ತಿದ್ದರೆ, ಎಂದರೆ ಗಂಟೆಗೆ 10ರಿಂದ 18 ಕಿಲೋಮೀಟರ್ ವೇಗದ ಗಾಳಿಯಿದ್ದರೆ, ಅದು ಹೊಸಬನ ಗಾಳಿ. ಅಲೆಗಳ ನೆತ್ತಿಯಲ್ಲಿ ಅಲ್ಲಲ್ಲಿ ಬಿಳಿ ನೊರೆ ಒಡೆಯತೊಡಗಿದರೆ ದಡದಲ್ಲಿ ಕುಳಿತು ಕಾಫಿ ಕುಡಿಯತಕ್ಕದ್ದು. ದಿಕ್ಕು ವೇಗಕ್ಕಿಂತಲೂ ಮುಖ್ಯ. ದಡಕ್ಕೆ ಸಮಾನಾಂತರವಾಗಿ ಬೀಸುವ ಅಡ್ಡಗಾಳಿಯಲ್ಲಿ ಹೋದ ದಾರಿಯಲ್ಲಿಯೇ ಹಿಂತಿರುಗಬಹುದು. ನಾವು ನಿಂತ ದಡದಿಂದ ಒಳನೀರಿನ ಕಡೆಗೆ ಬೀಸುವ ಗಾಳಿಯೋ, ದಡದ ಬಳಿ ಸೌಮ್ಯವಾಗಿ ತೋರಿ ಮನುಷ್ಯನನ್ನು ಒಳಕ್ಕೆ ಕರೆದೊಯ್ದು ಅಲ್ಲಿ ತನ್ನ ನಿಜಬಲವನ್ನು ತೋರಿಸುತ್ತದೆ. ಅಂಥ ಗಾಳಿಯ ದಿನ ನೀರಿಗಿಳಿಸುವ ಶಿಕ್ಷಕ ಎಷ್ಟೇ ನಿಪುಣನಾಗಿದ್ದರೂ ಅವನ ಮಾತನ್ನು ಕೇಳಬೇಕಾಗಿಲ್ಲ.

ಸಲಕರಣೆಯ ವಿಷಯದಲ್ಲಿ ಒಂದೇ ಸೂತ್ರ: ಹಲಗೆ ದೊಡ್ಡದು, ಹಾಯಿ ಚಿಕ್ಕದು. ಮೈತೂಕದ ಕಿಲೋ ಲೆಕ್ಕಕ್ಕೆ ನೂರಕ್ಕೂ ಮೇಲ್ಪಟ್ಟು ಲೀಟರನ್ನು ಕೂಡಿಸಿದರೆ ಬೇಕಾದ ಹಲಗೆಯ ಗಾತ್ರ ಸುಮಾರಾಗಿ ದೊರೆಯುತ್ತದೆ. 75 ಕಿಲೋ ತೂಗುವವರಿಗೆ 180ರಿಂದ 200 ಲೀಟರ್, ಮತ್ತು ನಡುವೆ ಇಳಿಬಿಡುವ ಡ್ಯಾಗರ್‌ಬೋರ್ಡ್ ಇರುವಂಥದು, ಏಕೆಂದರೆ ಅದಿಲ್ಲದಿದ್ದರೆ ಹಲಗೆ ಮುಂದಕ್ಕಿಂತ ಪಕ್ಕಕ್ಕೇ ಹೆಚ್ಚು ಸರಿಯುತ್ತದೆ. ಹಾಯಿ 3ರಿಂದ 4.5 ಚದರ ಮೀಟರ್ ಒಳಗಿರಲಿ. ಪಂಚೆಯೂ ಸೀರೆಯೂ ಬೇಡ; ಮೈಗಂಟುವ ತುಂಬುತೋಳಿನ ಅಂಗಿ, ಗದ್ದಕ್ಕೆ ಕಟ್ಟುವ ಟೋಪಿ, ಕನ್ನಡಕಕ್ಕೆ ದಾರ. ಮೊದಲ ವರ್ಷ ಸ್ವಂತ ಸಲಕರಣೆ ಕೊಳ್ಳುವುದು ದುಡ್ಡನ್ನು ಅಟ್ಟದ ಮೇಲೆ ಇಟ್ಟಹಾಗೆಯೇ.

ಈಗ ಪಾಠ. ಮೊದಲು ನೆಲದ ಮೇಲೆ, ಅನಂತರ ಸೊಂಟಮಟ್ಟದ ನೀರಿನಲ್ಲಿ. ಹಾಯಿ ಜೋಡಿಸದ ಬರಿಯ ಹಲಗೆಯ ಮೇಲೆ ಮಂಡಿಯೂರಿ, ಬಳಿಕ ಎದ್ದು ನಿಂತು, ಮುಂದಕ್ಕೂ ಹಿಂದಕ್ಕೂ ಹೆಜ್ಜೆಯಿಟ್ಟು, ಬೇಕೆಂದೇ ಬೀಳುವುದನ್ನು ಅಭ್ಯಾಸ ಮಾಡಬೇಕು. ಬೀಳುವಾಗ ಹಲಗೆಯ ಮೇಲೆ ಬೀಳದೆ ನೀರಿನ ಮೇಲೆ, ತಲೆ ಮೊದಲಾಗದೆ ಬೆನ್ನು ಚಪ್ಪಟೆಯಾಗಿ ಬೀಳಬೇಕು. ಏಳುವಾಗ ಒಂದು ಕೈ ತಲೆಯ ಮೇಲಿರಬೇಕು. ಹಾಯಿ ಮೇಲೆ ಕವುಚಿಕೊಂಡರೆ ಒಂದು ಕೈಯಿಂದ ಅದನ್ನು ಎತ್ತಿ ಉಸಿರಾಡಿ, ಒಂದೇ ದಿಕ್ಕಿಗೆ ಕೈಯಿಂದ ತಡವುತ್ತ ಅಂಚಿಗೆ ಬರಬೇಕು. ಈ ಅಭ್ಯಾಸವನ್ನು ಅವಮಾನವೆಂದು ಭಾವಿಸಿ ತಪ್ಪಿಸಿಕೊಳ್ಳುವ ಹಿರಿಯರುಂಟು. ಅವರೇ ಮುಂದೆ ಬೂಮಿಗೆ ಜೋತುಬಿದ್ದು ಸೊಂಟ ಹಿಡಿಸಿಕೊಳ್ಳುವವರು.

ಅನಂತರ ಹಾಯಿಯನ್ನೆತ್ತುವುದು. ಗಾಳಿಗೆ ಬೆನ್ನಾಗಿ, ಕಂಬದ ಎರಡು ಪಕ್ಕಕ್ಕೂ ಒಂದೊಂದು ಪಾದವಿಟ್ಟು, ನೀರಿನಲ್ಲಿ ಮಲಗಿರುವ ಹಾಯಿಗೆ ಕಟ್ಟಿದ ದಪ್ಪ ಹಗ್ಗವನ್ನು ಹಿಡಿಯಬೇಕು. ಇಲ್ಲಿ ನಮ್ಮ ಕಡೆಯವರೆಲ್ಲ ಬಾವಿಯಿಂದ ನೀರು ಸೇದುವ ರೀತಿಯಲ್ಲಿ ನಡು ಬಗ್ಗಿಸಿ ತೋಳಿನಿಂದ ಎಳೆಯತೊಡಗುತ್ತಾರೆ. ಹಾಗಲ್ಲ. ಮಂಡಿ ಮಡಿಸಿ, ಬೆನ್ನು ನೆಟ್ಟಗಿರಿಸಿ, ತೋಳುಗಳನ್ನು ನೀಳವಾಗಿ ಬಿಟ್ಟು, ಮೈಯನ್ನು ಹಿಂದಕ್ಕೆ ವಾಲಿಸಿದರೆ ಭಾರವೇ ಹಾಯಿಯನ್ನೆತ್ತುತ್ತದೆ. ಮೊದಲ ಮೊಳದಲ್ಲಿ ಹಾಯಿಯ ಮೇಲೆ ನಿಂತ ನೀರಿನಿಂದಾಗಿ ಅದು ಅಲುಗುವುದೇ ಇಲ್ಲವೆನಿಸುತ್ತದೆ. ಆಗ ಬಲ ಹಾಕದೆ ಹಾಗೆಯೇ ಕಾಯಬೇಕು. ಹಾಯಿಯ ಅಂಚು ಒಂದು ಗೇಣು ಮೇಲೆದ್ದು, ನೀರು ಹಾಳೆಯಾಗಿ ಜಾರಿ ಹೋಗುವ ಸದ್ದು ಕೇಳುತ್ತದೆ, ಹಗ್ಗ ಒಮ್ಮೆಲೇ ಹಗುರವಾಗುತ್ತದೆ, ಆಮೇಲೆ ಗೇಣು ಗೇಣಾಗಿ ಕೈ ಬದಲಿಸುತ್ತ ಬಂದರೆ ಕಂಬ ಕೈಗೆ ಸಿಗುತ್ತದೆ. ತರುಣರು ಇಲ್ಲಿ ಒಂದೇ ಏಟಿಗೆ ಎಳೆದು ಹಿಮ್ಮುಖವಾಗಿ ನೀರಿಗೆ ಬೀಳುವುದನ್ನು ನೋಡುವುದು ಹಿರಿಯರಿಗೆ ಸಲ್ಲತಕ್ಕ ಒಂದು ಸಣ್ಣ ಸಂತೋಷ.

ಎರಡು ಕೈಯಿಂದಲೂ ಕಂಬವನ್ನು ಹಿಡಿದು ನಿಂತಾಗ ಹಾಯಿ ಗಾಳಿಯ ಕೆಳಗಡೆಗೆ ಸಡಿಲವಾಗಿ ಪಟಪಟಿಸುತ್ತಿರುತ್ತದೆ. ಹಲಗೆ ಎಲ್ಲಿಗೂ ಹೋಗುವುದಿಲ್ಲ. ಇದು ವಿಶ್ರಾಂತಿಯ ಸ್ಥಾನ. ಏನೇ ಗೊಂದಲವಾದರೂ ಇಲ್ಲಿಗೆ ಮರಳಬೇಕು. ಹೊರಡುವುದಕ್ಕೆ, ದೂರದ ಮರವೊಂದರ ಮೇಲೆ ದೃಷ್ಟಿಯಿಟ್ಟು, ಮುಂದಿನ ಕೈಯನ್ನು ಬೂಮಿನ ಮೇಲಿರಿಸಿ, ಕಂಬವನ್ನು ಎದೆಯ ಮುಂದಿನಿಂದ ಗಾಳಿ ಬರುವ ಕಡೆಗೆ ತುಸು ವಾಲಿಸಿ, ಹಿಂದಿನ ಕೈಯಿಂದ ಬೂಮನ್ನು ಮೆಲ್ಲಗೆ ತನ್ನತ್ತ ಸೆಳೆದುಕೊಂಡರೆ ಪಟಪಟನೆಯ ಸದ್ದು ನಿಲ್ಲುತ್ತದೆ. ಆ ಮೌನದ ಕ್ಷಣದಲ್ಲಿ ಹಲಗೆ ಚಲಿಸತೊಡಗಿರುತ್ತದೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲು ಯಾರಿಂದಲೂ ಆಗದು, ಅದರ ಎಡಬಲಗಳಲ್ಲಿ ಸುಮಾರು 45 ಡಿಗ್ರಿಯಷ್ಟು ನಿಷಿದ್ಧ ಪ್ರದೇಶ. ಅಲ್ಲಿಗೆ ಹೋಗಬೇಕಾದರೆ ಓರೆ ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಾಗಬೇಕು.

ಗಾಳಿಯ ಹೊಡೆತ ಬಂದಾಗ ಹಾಯಿ ತಟ್ಟನೆ ಭಾರವಾಗಿ ಎಳೆಯುತ್ತದೆ. ಆಗ ಬಿಗಿಯಾಗಿ ಹಿಡಿಯುವುದು ಜೀವಮಾನದ ಅಭ್ಯಾಸ. “ಸಾರ್, ಹಿಂದಿನ ಕೈ ಬಿಡಿ, ಬಿಡಿ ಸಾರ್!” ಎಂದು ದಡದಿಂದಲೋ ಪಕ್ಕದ ದೋಣಿಯಿಂದಲೋ ಶಿಕ್ಷಕನಾದ ಹುಡುಗ ಕೂಗುತ್ತಿರುತ್ತಾನೆ, ಮೂವತ್ತು ವರ್ಷ ಕಚೇರಿಯಲ್ಲಿ ಕಿರಿಯರಿಗೆ ಆಜ್ಞೆ ಮಾಡಿ ಬಂದ ಸಾರ್ ಇನ್ನಷ್ಟು ಬಿಗಿಯಾಗಿ ಹಿಡಿದು ಹಾಯಿಯೊಡನೆಯೇ ಮುಂದಕ್ಕೆ ಹಾರಿಬೀಳುತ್ತಾರೆ. ಹಿಂದಿನ ಕೈಯನ್ನು ಬಿಟ್ಟರೆ ಸಾಕು, ಹಾಯಿ ಗಾಳಿಯನ್ನು ಚೆಲ್ಲಿ ಸುಮ್ಮನಾಗುತ್ತದೆ. ಇದರಲ್ಲಿ ವೇದಾಂತವೇನೂ ಇಲ್ಲ, ಹಾಯಿಯ ಹಿಂಬದಿ ತೆರೆದುಕೊಂಡಿತು, ಅಷ್ಟೆ. ಆದರೆ ವಯಸ್ಸಾದ ಕಲಿಕೆಗಾರರನ್ನು ಹಿಂದಕ್ಕೆಳೆಯುವ ದೋಷವೆಂದು ನಾನು ಯಾವುದಾದರೂ ಒಂದನ್ನು ಹೆಸರಿಸಬೇಕಾದರೆ ಮಂಡಿಯನ್ನಾಗಲಿ ಉಸಿರನ್ನಾಗಲಿ ಹೆಸರಿಸುವುದಿಲ್ಲ, ಈ ಹಿಡಿತವನ್ನೇ ಹೆಸರಿಸುತ್ತೇನೆ. ಆದುದರಿಂದ ಮೊದಲ ದಿನ ಹೋಗುವುದಕ್ಕಿಂತ ಹೆಚ್ಚಾಗಿ ಬಿಡುವುದನ್ನೇ ಮತ್ತೆ ಮತ್ತೆ ಕಲಿಸುವಂತೆ ಶಿಕ್ಷಕನನ್ನು ಕೇಳಿಕೊಳ್ಳಿ.

ಒಂದು ಸಲಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ನೀರಿನಲ್ಲಿರಬಾರದು. ಆಯಾಸವು ನೀರಿನ ತಂಪಿನಲ್ಲಿ ತಡವಾಗಿ ತಿಳಿಯುತ್ತದೆ. ದಡಕ್ಕೆ ಮರಳಲಾರದೆ ಹೋದರೆ ಹಲಗೆಯನ್ನು ಎಷ್ಟು ಮಾತ್ರಕ್ಕೂ ಬಿಟ್ಟು ಈಜತೊಡಗಬಾರದು: ಮುಳುಗದಿರುವ ವಸ್ತು ಅದೇ, ದೂರದಿಂದ ಕಾಣುವುದೂ ಅದೇ. ಅದರ ಮೇಲೆ ಕುಳಿತು ಎರಡು ತೋಳುಗಳನ್ನೂ ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಆಡಿಸಿದರೆ ಅದು ಸಹಾಯ ಬೇಕೆಂಬ ಸಂಕೇತ. ಎರಡು ಮೂರು ದಿನದ ಶಿಬಿರದಲ್ಲಿ ಅಡ್ಡಗಾಳಿಯಲ್ಲಿ ಹೋಗಿ, ಕಂಬದ ಮುಂದಿನಿಂದ ಸುತ್ತಿ ಹೆಜ್ಜೆಯಿಟ್ಟು ಹಲಗೆಯನ್ನು ತಿರುಗಿಸಿ, ಹೊರಟ ಜಾಗಕ್ಕೆ ಬಂದರೆ ಅದು ಪೂರ್ಣಫಲ. ಸೊಂಟಪಟ್ಟಿಯ ಹಾರ್ನೆಸ್, ಚಿಕ್ಕ ಹಲಗೆ, ವೇಗ ಇವೆಲ್ಲ ಮುಂದಿನ ವರ್ಷಕ್ಕೆ. ಬೇಡವೆನಿಸಿದರೆ ಎಂದಿಗೂ ಬೇಡ.

ಹಣ ಕಟ್ಟುವ ಮುಂಚೆ ದೂರವಾಣಿಯಲ್ಲಿ ಕೇಳತಕ್ಕ ಪ್ರಶ್ನೆಗಳು ಕೆಲವಿವೆ. ರಕ್ಷಣೆಗೆ ಯಂತ್ರದ ದೋಣಿ ಸಿದ್ಧವಾಗಿರುತ್ತದೆಯೇ. ಒಬ್ಬ ಶಿಕ್ಷಕನಿಗೆ ಎಷ್ಟು ಮಂದಿ. ಹತ್ತಿರದ ಆಸ್ಪತ್ರೆ ಎಷ್ಟು ದೂರ. ಕಾಲೇಜಿನ ಹುಡುಗರ ಗುಂಪಿನೊಡನೆ ಸೇರಿಸದೆ ನಿಧಾನಗತಿಯಲ್ಲಿ ಕಲಿಸಲು ಒಪ್ಪುವರೇ. ನೀರಿನ ಮಟ್ಟ ಈ ತಿಂಗಳಲ್ಲಿ ಹೇಗಿದೆ. ನಿಮ್ಮ ವಯಸ್ಸನ್ನು ಕೇಳಿ ನಕ್ಕವರನ್ನು ಬಿಟ್ಟುಬಿಡಿ. ನಿಮ್ಮ ತೂಕ ಎಷ್ಟೆಂದು ತಿರುಗಿ ಕೇಳಿದವರಲ್ಲಿ ಹೋಗಿ, ಏಕೆಂದರೆ ಅವರು ಆಗಲೇ ನಿಮಗೆ ತಕ್ಕ ಹಲಗೆಯನ್ನು ಮನಸ್ಸಿನಲ್ಲಿ ಆರಿಸುತ್ತಿದ್ದಾರೆ.